ಮೀನ್‌ವೆಲ್ ಅವರ ಕೈಚೀಲ

ಹೋದ ತಿಂಗಳು ಮನೆ ಬದಲಾಯಿಸುವಾಗ ಹಳೇ ಬಾಡಿಗೆ ಕರಾರುಗಳ ಒಂದು ಕಟ್ಟು ಸಿಕ್ಕಿತು. ಎಸೆಯಲು ಮನಸ್ಸು ಬರಲಿಲ್ಲ. ಟೈಟಾನಿಕ್ ಹಡಗಿನ ಒಂದು ಕೈಚೀಲ ನೆನಪಾಗಿ ಸುಮ್ನೆ ಕೂತುಬಿಟ್ಟೆ.

ಅದು ಮೇರಿಯನ್ ಮೀನ್‌ವೆಲ್ ಅವರ ಚೀಲ. ವಯಸ್ಸು 63, ಹೆಂಗಸರ ಟೋಪಿ ಮಾಡುವ ಕಸುಬು. ಅಮೆರಿಕದಲ್ಲಿ ಗಂಡನನ್ನು ಕಳೆದುಕೊಂಡ ಮಗಳಿದ್ದಳು, ಅವಳ ಹತ್ತಿರ ಹೊರಟಿದ್ದರು. ಹೋಗಬೇಕಿದ್ದದ್ದು ಮೆಜೆಸ್ಟಿಕ್ ಅನ್ನುವ ಬೇರೆ ಹಡಗಿನಲ್ಲಿ. 1912ರಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರವಾಯಿತು, ಎಷ್ಟೋ ಹಡಗುಗಳು ನಿಂತವು, ಹೀಗಾಗಿ ಅವರು ಟೈಟಾನಿಕ್‌ನ ಮೂರನೇ ದರ್ಜೆಗೆ ಬಂದರು. ಅವರ ತಪಾಸಣೆ ಕಾರ್ಡಿನಲ್ಲಿ ಮೆಜೆಸ್ಟಿಕ್ ಹೆಸರಿನ ಮೇಲೆ ಗೀಟು ಎಳೆದು ಟೈಟಾನಿಕ್ ಅಂತ ಬರೆದಿದ್ದಾರೆ. ಏಪ್ರಿಲ್ 15ರ ನಸುಕಿನಲ್ಲಿ ಸತ್ತ ಸುಮಾರು 1,500 ಜನರಲ್ಲಿ ಅವರೂ ಒಬ್ಬರು.

2000ರಲ್ಲಿ ಸುಮಾರು 3,800 ಮೀಟರ್ ಆಳದಿಂದ ಆ ಮೊಸಳೆ ಚರ್ಮದ ಚೀಲ ಮೇಲೆ ಬಂತು. ಒಳಗೆ ಆ ಕಾರ್ಡಿತ್ತು. ಜೊತೆಗೆ ಲಂಡನ್ನಿನ ಮನೆ ಮಾಲೀಕರು ಕೊಟ್ಟ ಒಂದು ಪತ್ರ: ಇವರು ಒಳ್ಳೆಯ ಬಾಡಿಗೆದಾರರು, ಬಾಡಿಗೆ ತಪ್ಪದೆ ಕಟ್ಟುತ್ತಿದ್ದರು ಅಂತ. ಗುರುತಿಲ್ಲದ ಊರಿನಲ್ಲಿ ಮನೆ ಹುಡುಕಿದವರಿಗೆ ಆ ಪತ್ರದ ಬೆಲೆ ಗೊತ್ತು, ಅಲ್ವಾ? 63ರ ಹೆಂಗಸು ಅದನ್ನು ಜೋಪಾನವಾಗಿ ಚೀಲದಲ್ಲಿಟ್ಟುಕೊಂಡು ಸಮುದ್ರ ದಾಟಲು ಹೊರಟಿದ್ದರು.

ಉಪ್ಪುನೀರಿನಲ್ಲಿ 88 ವರ್ಷ ಕಾಗದ ಉಳಿದದ್ದಕ್ಕೆ ಕಾರಣ ಚರ್ಮ. ಚರ್ಮ ಹದ ಮಾಡುವಾಗ ಸೇರುವ ಟ್ಯಾನಿನ್ ಅನ್ನು ಸಮುದ್ರದ ಸೂಕ್ಷ್ಮಜೀವಿಗಳು ಸುಲಭವಾಗಿ ತಿನ್ನಲಾರವು. ಮರ, ಬಟ್ಟೆ, ಮೂಳೆ ಎಲ್ಲ ಕರಗಿದ ಕಡೆಯೂ ಜೋಡಿ ಬೂಟುಗಳು ಪಕ್ಕಪಕ್ಕದಲ್ಲೇ ಬಿದ್ದಿರುವುದು ಇದರಿಂದಲೇ. ಆ ಬೂಟುಗಳ ಫೋಟೋ ನೋಡಿದರೆ ನನಗೆ ಈಗಲೂ ಎದೆ ಹಿಂಡುತ್ತದೆ.

ಅದೇ ವರ್ಷ ಇನ್ನೊಂದು ಚರ್ಮದ ಪೆಟ್ಟಿಗೆಯೂ ಸಿಕ್ಕಿತು. ಮ್ಯಾಂಚೆಸ್ಟರ್‌ನ ಸುಗಂಧ ವ್ಯಾಪಾರಿ ಅಡಾಲ್ಫ್ ಸಾಲ್‌ಫೆಲ್ಡ್ ಮೊದಲ ದರ್ಜೆಯಲ್ಲಿ 65 ಪುಟ್ಟ ಸೀಸೆ ಸುಗಂಧದ ಮಾದರಿ ಒಯ್ಯುತ್ತಿದ್ದರು. ಅವರು ಬದುಕಿದರು, ಸೀಸೆಗಳು ಮುಳುಗಿದವು. ಪೆಟ್ಟಿಗೆ ತೆರೆದಾಗ ಪರಿಮಳ ಇನ್ನೂ ಇತ್ತು.

ಹಡಗು ಮುಳುಗಿರುವ ಜಾಗ ಸಮಾಧಿ, ಅಲ್ಲಿ ಏನನ್ನೂ ಮುಟ್ಟಬಾರದು ಅನ್ನುವವರಿದ್ದಾರೆ. 1985ರಲ್ಲಿ ಹಡಗು ಪತ್ತೆ ಮಾಡಿದವರಲ್ಲಿ ಒಬ್ಬರಾದ ರಾಬರ್ಟ್ ಬಲ್ಲಾರ್ಡ್ ಕೂಡ ಹಾಗೇ ಹೇಳಿದವರು. ನಾನೂ ಅದನ್ನೇ ನಂಬಿದ್ದೆ. ಈ ಚೀಲದ ವಿಷಯ ಓದಿದ ಮೇಲೆ ಆ ಮಾತು ಗಟ್ಟಿಯಾಗಿ ಹೇಳಲು ಆಗುತ್ತಿಲ್ಲ. ಮೊದಲ ದರ್ಜೆಯ ಸಾಹುಕಾರರ ಬಗ್ಗೆ ಪತ್ರಿಕೆಗಳು ಆಗಲೇ ಜಾಸ್ತಿ ಬರೆದಿದ್ದವು. ಟೋಪಿ ಹೊಲಿಯುವ ಹೆಂಗಸು ಬಾಡಿಗೆ ಬಾಕಿ ಇಟ್ಟುಕೊಳ್ಳುತ್ತಿರಲಿಲ್ಲ ಅನ್ನುವುದನ್ನು ಯಾರು ಬರೆದಿಡುತ್ತಿದ್ದರು?

ಮೇಲೆ ತಂದ ಸುಮಾರು 5,500 ವಸ್ತುಗಳಲ್ಲಿ ಬಹುಪಾಲು ಒಂದು ಕಂಪನಿಯ ಕೈಯಲ್ಲಿವೆ. ಕಂಪನಿ ದಿವಾಳಿಯಾಗಿ 2018ರಲ್ಲಿ ಮಾರಾಟವೂ ಆಯಿತು. ಸಂಗ್ರಹವನ್ನು ಬಿಡಿಬಿಡಿಯಾಗಿ ಮಾರಬಾರದು ಅಂತ ಅಮೆರಿಕದ ಕೋರ್ಟಿನ ಷರತ್ತಿದೆ. ಆ ಷರತ್ತು ಹಾಗೇ ಇರಲಿ. ಚೀಲ ಒಂದು ಕಡೆ, ಪತ್ರ ಒಂದು ಕಡೆ ಆಗುವುದು ಬೇಡ.