ಮಳೆಯಲ್ಲೂ ನೀರು ಬಿಡುತ್ತಿದ್ದ ಟೈಮರ್

ಮಳೆ ಧೋ ಅಂತ ಸುರಿಯುತ್ತಿದೆ, ಟೈಮರ್ ಹೇಳಿದ ಹೊತ್ತಿಗೆ ನಮ್ಮ ಲಾನ್‌ನ ಸ್ಪ್ರಿಂಕ್ಲರ್ ತನ್ನ ಪಾಡಿಗೆ ತಿರುಗುತ್ತಿದೆ. ಪಕ್ಕದ ಮನೆ ಆಂಟಿ ಕಿಟಕಿಯಿಂದಲೇ "ಏನಪ್ಪಾ, ಮಳೆಗೇ ಸ್ನಾನ ಮಾಡಿಸ್ತಿದ್ದೀಯಾ?" ಅಂದರು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಹೇಳಿತ್ತಲ್ಲ, ಆ ಬೇಸಿಗೆ ಕಂಡವನಿಗೆ ಈ ಮಾತು ಜಾಸ್ತಿಯೇ ಚುಚ್ಚಿತು, ನಮ್ಮದು ಬೋರ್ ನೀರೇ ಆದರೂ.

ಮೊದಲು ಸುಲಭದ ದಾರಿ ಹಿಡಿದೆ. ನೆಟ್‌ನಲ್ಲಿ ಪುಕ್ಕಟೆ ಸಿಗುವ ಹವಾಮಾನದ ಡೇಟಾ ತಗೊಂಡು, ಮಳೆ ಬರುವ ಸಾಧ್ಯತೆ ಶೇ. 60 ದಾಟಿದರೆ ನೀರು ಬಂದ್ ಅಂತ ಟೈಮರ್‌ಗೆ ಪ್ರೋಗ್ರಾಂ ಬರೆದೆ. ಬೆಂಗಳೂರಿನ ಮೇ ತಿಂಗಳ ಮಳೆ ಗೊತ್ತಲ್ವಾ, ಯಲಹಂಕದಲ್ಲಿ ರಸ್ತೆ ತುಂಬಾ ನೀರು, ಕೆಂಗೇರಿಯಲ್ಲಿ ಒಂದು ಹನಿಯೂ ಇಲ್ಲ. ನಾಲ್ಕು ದಿನ "ಇವತ್ತು ಬರುತ್ತೆ" ಅಂತ ಕಾದು ಹುಲ್ಲು ಹಳದಿಯಾಯಿತು.

ಆಮೇಲೆ ಹನಿ ಬಿದ್ದರೆ ಗೊತ್ತಾಗುವ ಅಗ್ಗದ ಸೆನ್ಸರ್ ಪ್ಲೇಟ್ ತಂದೆ. ಡಿಸೆಂಬರ್‌ನ ಇಬ್ಬನಿಯನ್ನೂ ಅದು ಮಳೆ ಅಂದುಕೊಂಡಿತು! ಯಾವಾಗಲೂ ಕರೆಂಟ್ ಹರಿಯುತ್ತಿದ್ದದ್ದಕ್ಕೆ ತಾಮ್ರದ ಗೆರೆಗಳು ಹಸಿರುಗಟ್ಟಿ ಕೆಲವೇ ತಿಂಗಳಲ್ಲಿ ಸತ್ತೂ ಹೋಯಿತು.

ತಪ್ಪು ನನ್ನ ಪ್ರಶ್ನೆಯಲ್ಲೇ ಇತ್ತು. ಮಳೆ ಬಂತಾ ಅಂತಲ್ಲ, ಎಷ್ಟು ಬಂತು ಅಂತ ಕೇಳಬೇಕಿತ್ತು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ 1 ಲೀಟರ್. ನಮ್ಮ ಲಾನ್ ಸುಮಾರು 28 ಚದರ ಮೀಟರ್, ಹಾಗಾಗಿ 5 ಮಿ.ಮೀ. ಬಿದ್ದರೆ 140 ಲೀಟರ್ ಸುಮ್ನೆ ಸಿಕ್ಕ ಹಾಗೆ. 1 ಮಿ.ಮೀ. ಜಿಟಿಜಿಟಿ ಮಾತ್ರ ಎಲೆ ಒದ್ದೆ ಮಾಡಿ ಆರಿ ಹೋಗುತ್ತದೆ, ಬೇರಿಗೆ ಇಳಿಯುವುದೇ ಇಲ್ಲ.

ಈಗ ತಾರಸಿ ಮೇಲೆ ಒಂದು ಮಳೆಮಾಪಕ ಇದೆ. ಒಳಗೆ ತಕ್ಕಡಿಯ ಹಾಗೆ ಎರಡು ಪುಟ್ಟ ಬಟ್ಟಲು, ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಆಗ ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ವಾಲಿದಾಗ ಅಯಸ್ಕಾಂತ ಒಂದು ಸ್ವಿಚ್ ಒತ್ತಿಸಿ ಲೆಕ್ಕ ಕೊಡುತ್ತದೆ, ನನ್ನದರಲ್ಲಿ ಒಂದು ಸಲಕ್ಕೆ 0.28 ಮಿ.ಮೀ. ಹಿಂದಿನ 24 ಗಂಟೆಯಲ್ಲಿ ಮಳೆ 5 ಮಿ.ಮೀ. ದಾಟಿದ್ದರೆ ವಾಲ್ವ್ ತೆರೆಯುವುದಿಲ್ಲ. ಮುನ್ಸೂಚನೆಯನ್ನು ಪೂರ್ತಿ ಬಿಟ್ಟಿಲ್ಲ, ಆದರೆ ಅದು ನೀರನ್ನು ಒಂದೇ ಒಂದು ದಿನ ಮುಂದಕ್ಕೆ ಹಾಕಬಹುದು, ಅಷ್ಟೇ ಅದಕ್ಕೆ ಅಧಿಕಾರ.

ತಿಂಗಳಿಗೊಮ್ಮೆ ತಾರಸಿಗೆ ಹೋಗಿ ಮಾಪಕ ಕ್ಲೀನ್ ಮಾಡಬೇಕು. ಹೋದ ವಾರ ಜೋರು ಮಳೆಯಲ್ಲೂ ಸೊನ್ನೆ ತೋರಿಸುತ್ತಿತ್ತು, ನೋಡಿದರೆ ಬಾಯಿಗೆ ಹೊಂಗೆ ಎಲೆ ಅಂಟಿಕೊಂಡಿದೆ, ಕೆಳಗೆ ಸ್ಪ್ರಿಂಕ್ಲರ್ ತಿರುಗುತ್ತಿದೆ. ಪುಣ್ಯಕ್ಕೆ ಆಂಟಿ ಊರಲ್ಲಿರಲಿಲ್ಲ.