ಕಕ್ಕೆ ಗಿಡ ಮಾರುವಾಗ ಮೊದಲು ಹುಳದ ಮಾತು

ಏಪ್ರಿಲ್, ಮೇ ಬಂತು ಅಂದ್ರೆ ನಮ್ಮ ನರ್ಸರಿಯಲ್ಲಿ ಕಕ್ಕೆ ಗಿಡ ಕೇಳುವವರು ಜಾಸ್ತಿ. ಎಲೆ ಉದುರಿಸಿ ಮೈತುಂಬಾ ಹಳದಿ ಗೊಂಚಲು ಬಿಟ್ಟ ಮರವನ್ನು ದಾರಿಯಲ್ಲಿ ನೋಡಿರುತ್ತಾರೆ. 'ಇದಕ್ಕೆ ಚಿಟ್ಟೆ ಬರುತ್ತವೆ ಅಲ್ವಾ?' ಅಂತಾರೆ. ಬರುತ್ತವೆ, ಆದರೆ ಹೂವಿಗಿಂತ ಹೆಚ್ಚಾಗಿ ಎಲೆಗೆ. ಹೂವಿನ ಕಾಯಂ ಗಿರಾಕಿ ದಪ್ಪ ಕಪ್ಪು ದುಂಬಿ.

ಮಳೆ ಬಿದ್ದು ಚಿಗುರು ಬಂದ ಮೇಲೆ ನೋಡಿ. ಕಾಮನ್ ಎಮಿಗ್ರೆಂಟ್ ಅನ್ನುವ ನಿಂಬೆ ಬಣ್ಣದ ಚಿಟ್ಟೆ ಎಳೆ ಎಲೆ ಮೇಲೆ ಒಂದು ಕ್ಷಣ ಕೂತು, ಹೊಟ್ಟೆಯ ತುದಿ ಬಗ್ಗಿಸಿ, ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ. ಮೊಟ್ಟೆ ಬೆಳ್ಳಗೆ, ನೆಟ್ಟಗೆ ನಿಂತಿರುತ್ತದೆ. ಅದರಿಂದ ಬರುವ ಹುಳ ಎಲೆಯಷ್ಟೇ ಹಸಿರು, ಪಕ್ಕದಲ್ಲಿ ತೆಳು ಬಿಳಿ ಗೆರೆ. ಎಲೆಯ ನಡುನರದ ಮೇಲೆ ಮಲಗಿದರೆ ಕಣ್ಣಿಗೇ ಬೀಳಲ್ಲ. ಕೆಳಗಿನ ಎಲೆ ಮೇಲೆ ಉದುರಿದ ಹಿಕ್ಕೆ ನೋಡಿ ನಾವು ಪತ್ತೆ ಹಚ್ಚುವುದು.

ಗಿಡ ಒಯ್ದವರು ಮಳೆಗಾಲದಲ್ಲಿ ಫೋನ್ ಮಾಡುತ್ತಾರೆ: 'ಏನ್ರೀ, ಹುಳ ಬಿದ್ದಿರೋ ಗಿಡ ಕೊಟ್ಟಿದ್ದೀರಲ್ಲ, ಏನು ಹೊಡೀಲಿ?' ಏನೂ ಹೊಡೆಯಬೇಡಿ ಸರ್, ಚಿಟ್ಟೆ ಕೇಳಿದ್ರಲ್ಲ, ಅದೇ ಇದು! ಬೇವಿನೆಣ್ಣೆಯೂ ಬೇಡ, ಅದೂ ಮರಿಹುಳಕ್ಕೆ ಆಗಿಬರಲ್ಲ. ಬೆಳೆದ ಮರ ಮತ್ತೆ ಚಿಗುರುತ್ತದೆ. ಚೀಲದಲ್ಲಿರುವ ಎಳೆ ಗಿಡ ಪೂರ್ತಿ ಬೋಳಾಗುವ ಹಾಗಿದ್ದರೆ ಮಾತ್ರ ಒಂದಷ್ಟು ಹುಳಗಳನ್ನು ಎಲೆ ಸಮೇತ ಚಿವುಟಿ ದೊಡ್ಡ ಕಕ್ಕೆಗೆ ಬಿಡಿ.

ಹೀಗಾಗಿ ಈಗ ಗಿಡ ಕೊಡುವ ಮೊದಲೇ ಹುಳದ ಮಾತು ತೆಗೆಯುತ್ತೇನೆ. ತೂತು ಬಿದ್ದ ಎಲೆಯ ಗಿಡಗಳನ್ನು ಹಿಂದೆ ಬಚ್ಚಿಡದೆ ಮುಂದಿನ ಸಾಲಿನಲ್ಲೇ ಇಡುತ್ತೇವೆ. ವ್ಯಾಪಾರ ಸ್ವಲ್ಪ ಕಮ್ಮಿಯಾದರೂ ಜಗಳ ಕಮ್ಮಿ.

ಬೀಜದಿಂದ ಮಾಡುವವರಿಗೆ ಒಂದು ಮಾತು. ಕಕ್ಕೆ ಬೀಜದ ಸಿಪ್ಪೆ ಬಲು ಗಟ್ಟಿ, ಸುಮ್ನೆ ಮಣ್ಣಿಗೆ ಹಾಕಿದರೆ ತಿಂಗಳುಗಟ್ಟಲೆ ಕಾಯಬೇಕು. ಒಂದು ಬದಿಯನ್ನು ಉಪ್ಪುಕಾಗದಕ್ಕೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ ಹಾಕಿ. ಗಿಡಕ್ಕೆ ಬಿಸಿಲು ಚೆನ್ನಾಗಿ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಕರೆಂಟ್ ತಂತಿಯ ಕೆಳಗಂತೂ ಬೇಡ, 30 ಅಡಿ ದಾಟುವ ಮರ. ಹೂವಿಗೆ ಕೆಲವು ವರ್ಷ ಕಾಯಬೇಕು. ಚಿಟ್ಟೆ ಅಷ್ಟು ಕಾಯಿಸಲ್ಲ, ಮೊದಲ ಮಳೆಗಾಲದ ಚಿಗುರಿಗೇ ಬಂದುಬಿಡಬಹುದು.

ಹುಳ ಕಂಡರೆ ಆಗದವರಿಗೆ? ನೇರಳೆ ಹೂ ಬಿಡುವ ಹೊಳೆದಾಸವಾಳದ ಮರ ತೋರಿಸುತ್ತೇನೆ.