ಮಾರುವ ಸಮಯ ಯಾರ ಕೈಯಲ್ಲಿದೆ?

ಷೇರುಗಳನ್ನು ಅಡವಿಟ್ಟುಕೊಂಡು ಸಾಲ ಕೊಡುವ ವಿಭಾಗದಲ್ಲಿ, ಅಡಮಾನದ ಬೆಲೆ ಸಾಲಕ್ಕೆ ಸಾಕಾಗುವಷ್ಟಿದೆಯೇ ಎಂದು ಪ್ರತಿದಿನ ಪರಿಶೀಲಿಸುವುದು ನನ್ನ ಕೆಲಸ. ಬೆಲೆ ಇಳಿದು ಅಂತರ ಕಡಿಮೆಯಾದರೆ ಸಾಲಗಾರರಿಗೆ ಮಾರ್ಜಿನ್ ಕಾಲ್, ಅಂದರೆ ಕೊರತೆಯ ಹಣ ತುಂಬಿರೆಂಬ ಸೂಚನೆ, ಹೋಗುತ್ತದೆ. ಗಡುವಿನೊಳಗೆ ಅವರು ಹಣ ತುಂಬದಿದ್ದರೆ ಆ ಷೇರುಗಳನ್ನು ನಾವೇ ಮಾರುತ್ತೇವೆ. ಹಾಗೆ ಮಾರಾಟವಾಗುವ ಷೇರುಗಳಲ್ಲಿ ಒಳ್ಳೆಯ ಕಂಪನಿಗಳವೂ ಸಾಕಷ್ಟಿರುತ್ತವೆ. ಅವುಗಳ ಒಡೆಯರು ಆಯ್ಕೆಯಲ್ಲಿ ಎಡವಿರುವುದಿಲ್ಲ, ಆದರೆ ಯಾವಾಗ ಮಾರಬೇಕೆಂಬ ನಿರ್ಧಾರವನ್ನು ಸಾಲದ ಪತ್ರಕ್ಕೆ ಸಹಿ ಹಾಕಿದ ದಿನವೇ ಬೇರೆಯವರಿಗೆ ಬಿಟ್ಟುಕೊಟ್ಟಿರುತ್ತಾರೆ.

ಸ್ವಂತದ 50 ಮತ್ತು ಸಾಲದ 50 ಸೇರಿಸಿ 100ರ ಷೇರು ಕೊಂಡವರ ಲೆಕ್ಕವನ್ನು ನೋಡಿ. ಬೆಲೆ ಶೇ. 40ರಷ್ಟು ಇಳಿದರೆ ಉಳಿಯುವುದು 60. ಅದರಲ್ಲಿ ಸಾಲದ 50 ಕಳೆದರೆ ಸ್ವಂತದ್ದು 10 ಮಾತ್ರ, ಅಂದರೆ ನಷ್ಟ ಶೇ. 80. ಮುಂದೆ ಬೆಲೆ ಪೂರ್ತಿ ಚೇತರಿಸಿಕೊಂಡರೂ ಆ ಹೊತ್ತಿಗೆ ಷೇರು ಅವರ ಹೆಸರಿನಲ್ಲಿರುವುದಿಲ್ಲ. 1920ರ ದಶಕದ ಅಮೆರಿಕದಲ್ಲಿ ಬೆಲೆಯ ಹತ್ತನೆಯ ಒಂದು ಭಾಗವನ್ನಷ್ಟೇ ಕೈಯಿಂದ ಹಾಕಿ, ಉಳಿದದ್ದಕ್ಕೆ ದಲ್ಲಾಳಿಯಿಂದ ಸಾಲ ಪಡೆದು ಷೇರು ಕೊಳ್ಳಬಹುದಾಗಿತ್ತು. 1929ರಲ್ಲಿ ಬಲವಂತದ ಮಾರಾಟ ಬೆಲೆಯನ್ನು ಇಳಿಸಿತು, ಇಳಿದ ಬೆಲೆ ಮತ್ತಷ್ಟು ಜನರನ್ನು ಮಾರಾಟಕ್ಕೆ ದೂಡಿತು. ಅಲ್ಲಿನ ಪ್ರಮುಖ ಷೇರುಗಳ ಬೆಲೆ ತೋರಿಸುವ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈ ಹೊತ್ತಿಗೆ ಸುಮಾರು ಶೇ. 89ರಷ್ಟು ಕುಸಿದಿತ್ತು, ಹಳೆಯ ಎತ್ತರವನ್ನು ಅದು ಮತ್ತೆ ಮುಟ್ಟಿದ್ದು 1954ರಲ್ಲಿ.

ಬೆಲೆಗಳು ಮೌಲ್ಯ ಮೀರಿ ಏರುವ ಗುಳ್ಳೆ ಯಾವಾಗ ಒಡೆಯುತ್ತದೆಂದು ಯಾರೂ ಹೇಳಲಾರರು, ಆದರೆ ಅದು ಊದಿಕೊಳ್ಳುತ್ತಿರುವುದು ಸಾಲದ ಅರ್ಜಿಗಳಲ್ಲಿ ಕಾಣುತ್ತದೆ. ಬೆಲೆ ಏರಿದ್ದರಿಂದ ಅಡಮಾನದ ಮೌಲ್ಯ ಹೆಚ್ಚಿದೆ, ಆದ್ದರಿಂದ ಇನ್ನಷ್ಟು ಸಾಲ ಕೊಡಿ, ಅದೇ ಷೇರನ್ನು ಮತ್ತೆ ಕೊಳ್ಳುತ್ತೇವೆ ಎನ್ನುವ ಅರ್ಜಿಗಳು ಹೆಚ್ಚುತ್ತಾ ಹೋಗುತ್ತವೆ. ಅರ್ಥಶಾಸ್ತ್ರಜ್ಞ ಹೈಮನ್ ಮಿನ್ಸ್ಕಿ ಸಾಲಗಾರರನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಆದಾಯದಿಂದ ಅಸಲು ಮತ್ತು ಬಡ್ಡಿ ಎರಡನ್ನೂ ತೀರಿಸಬಲ್ಲವರು, ಬಡ್ಡಿಯನ್ನಷ್ಟೇ ಕಟ್ಟಬಲ್ಲವರು, ಬೆಲೆ ಏರಿದರೆ ಮಾತ್ರ ಉಳಿಯುವವರು. ನನ್ನ ಅನುಭವದಲ್ಲಿ ಅಪಾಯವನ್ನು ಅಳೆಯಲು ಇದಕ್ಕಿಂತ ಉಪಯುಕ್ತವಾದ ವಿಂಗಡಣೆ ಇನ್ನೊಂದಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯ ಲೆಕ್ಕಕ್ಕೂ ಇದನ್ನು ಅನ್ವಯಿಸಿ ನೋಡಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಸಾಲವಿಲ್ಲದವರನ್ನೂ ಬಿಕ್ಕಟ್ಟು ಮಾರಾಟಕ್ಕೆ ತಳ್ಳಬಲ್ಲದು. ಸಂಬಳ ನಿಂತ ತಿಂಗಳಲ್ಲಿ ಖರ್ಚು ನಿಲ್ಲುವುದಿಲ್ಲ, ಮತ್ತು ಸಂಬಳ ನಿಲ್ಲುವುದು ಹೆಚ್ಚಾಗಿ ಬೆಲೆಗಳು ಕುಸಿದ ಕಾಲದಲ್ಲಿಯೇ. 2001ರ ಡಿಸೆಂಬರಿನಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್ ದಿವಾಳಿಯಾದಾಗ, ನಿವೃತ್ತಿಯ ಉಳಿತಾಯವನ್ನು ಅದೇ ಕಂಪನಿಯ ಷೇರಿನಲ್ಲಿಟ್ಟಿದ್ದ ಸಾವಿರಾರು ನೌಕರರು ಕೆಲಸವನ್ನೂ ಉಳಿತಾಯವನ್ನೂ ಒಟ್ಟಿಗೇ ಕಳೆದುಕೊಂಡರು. ಆದ್ದರಿಂದಲೇ ಅಡಮಾನಕ್ಕೆ ಬಂದವರನ್ನು ನಾನು ಕಂಪನಿಯ ಬಗ್ಗೆ ಹೆಚ್ಚು ಕೇಳುವುದಿಲ್ಲ. ಬೆಲೆ ಅರ್ಧಕ್ಕಿಳಿದ ವಾರವೇ ನಿಮ್ಮ ಆದಾಯವೂ ನಿಂತರೆ ಹಣ ಎಲ್ಲಿಂದ ತುಂಬುತ್ತೀರಿ ಎಂದು ಕೇಳುತ್ತೇನೆ. ಉತ್ತರವಿಲ್ಲದಿದ್ದರೆ ಕಡಿಮೆ ಸಾಲ ಪಡೆಯಿರೆಂದು ಹೇಳುತ್ತೇನೆ.

ಕೈಗೆ ಬೇಗ ಬೇಕಾಗುವ ಹಣವನ್ನು ಎಲ್ಲಿಡಬೇಕು ಎಂಬುದಕ್ಕೂ ಇದೇ ಎಚ್ಚರ ಬೇಕು. ಬಿಕ್ಕಟ್ಟಿನಲ್ಲಿ ಚಿನ್ನ ಏರಿಯೇ ಏರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ 2008ರ ಮಾರ್ಚ್‌ನಲ್ಲಿ ಔನ್ಸಿಗೆ 1,000 ಡಾಲರ್ ದಾಟಿದ್ದ ಚಿನ್ನ, ನಗದಿನ ತುರ್ತು ತೀವ್ರವಾದ ಅದೇ ವರ್ಷದ ಅಕ್ಟೋಬರಿನಲ್ಲಿ 800 ಡಾಲರಿಗಿಂತ ಕೆಳಗಿಳಿದಿತ್ತು. ಕೆಟ್ಟ ಆಸ್ತಿಗೆ ಕೊಳ್ಳುವವರಿಲ್ಲದಾಗ ಜನ ಒಳ್ಳೆಯದನ್ನೇ ಮಾರಬೇಕಾಗುತ್ತದೆ, ಅದಕ್ಕಾಗಿಯೇ ಚಿನ್ನವೂ ಇಳಿಯುತ್ತದೆ. ನಗದಿಗೆ ಸಮವೆಂದು ಎಣಿಸಲಾಗಿದ್ದ ಅಮೆರಿಕದ ರಿಸರ್ವ್ ಪ್ರೈಮರಿ ಫಂಡ್ ಎಂಬ ನಿಧಿ, ದಿವಾಳಿಯಾದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್‌ನ ಸಾಲಪತ್ರಗಳನ್ನು ಹೊಂದಿದ್ದ ಕಾರಣ, 2008ರ ಸೆಪ್ಟೆಂಬರ್ 16ರಂದು ಡಾಲರಿಗೆ 97 ಸೆಂಟ್‌ಗೆ ಇಳಿಯಿತು. ಬ್ಯಾಂಕ್ ಠೇವಣಿಗೂ ಮಿತಿಯುಂಟು: 2013ರಲ್ಲಿ ಸೈಪ್ರಸ್‌ನ ಬ್ಯಾಂಕುಗಳು ಬಿಕ್ಕಟ್ಟಿಗೆ ಸಿಲುಕಿದಾಗ 1,00,000 ಯೂರೋವರೆಗಿನ ವಿಮೆಯುಳ್ಳ ಠೇವಣಿಗಳು ಉಳಿದವು, ಆದರೆ ಬ್ಯಾಂಕ್ ಆಫ್ ಸೈಪ್ರಸ್‌ನಲ್ಲಿ ಅದಕ್ಕೂ ಮೇಲ್ಪಟ್ಟ ಮೊತ್ತದ ಶೇ. 47.5 ಭಾಗವನ್ನು ಬ್ಯಾಂಕಿನ ಷೇರುಗಳಾಗಿ ಪರಿವರ್ತಿಸಲಾಯಿತು. ಠೇವಣಿಯನ್ನು ವಿಮೆಯ ಮಿತಿಯೊಳಗೆ ಉಳಿಯುವಂತೆ ಒಂದಕ್ಕಿಂತ ಹೆಚ್ಚು ಬ್ಯಾಂಕುಗಳಲ್ಲಿ ಹಂಚಿಡುವುದು ಕಷ್ಟದ ಕೆಲಸವಲ್ಲ, ಆದರೆ ಅದನ್ನು ಬ್ಯಾಂಕಿನ ಬಾಗಿಲು ತೆರೆದಿರುವಾಗಲೇ ಮಾಡಬೇಕು.